ಸೆನ್ಸರ್ ತೋರಿಸುವ ಸಕ್ಕರೆ: ತಪ್ಪು ಎಷ್ಟು, ಯಾವಾಗ



ನಾನು ಚಿಕಿತ್ಸೆ ಕೊಡುವ ವೈದ್ಯನಲ್ಲ, ಪ್ರಯೋಗಾಲಯದವನು. ಆಸ್ಪತ್ರೆಯ ಜೀವರಸಾಯನ ವಿಭಾಗದಲ್ಲಿ ರಕ್ತದ ಮಾದರಿಗಳನ್ನು ಅಳೆಯುವುದರಲ್ಲೇ ನನ್ನ ನೌಕರಿಯ ಕಾಲ ಕಳೆಯಿತು. ಅಳತೆ ಸರಿಯೋ ತಪ್ಪೋ ಎಂದು ಅನುಮಾನಿಸುವುದೇ ನನ್ನ ಕಸುಬು. ಹಾಗಾಗಿ ಈಚೆಗೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಸಿಕ್ಕರೂ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ತೋಳಿನ ಸೆನ್ಸರ್ 112 ಅನ್ನುತ್ತೆ, ಬೆರಳು ಚುಚ್ಚಿ ನೋಡಿದರೆ 134, ಲ್ಯಾಬಿನಲ್ಲಿ 125. ಯಾವುದನ್ನು ನಂಬೋದು ಸಾರ್?"

ಈ ಮೂರೂ ಸಂಖ್ಯೆಗಳು ಒಪ್ಪಿತ ಮಿತಿಯ ಒಳಗೇ ಇವೆ. ಲ್ಯಾಬಿನ 125ನ್ನು ಆಧಾರವಾಗಿಟ್ಟುಕೊಂಡರೆ ಸೆನ್ಸರ್ ಶೇ. 10ರಷ್ಟು ಕೆಳಗಿದೆ, ಬೆರಳಿನ ರಕ್ತ ಅಳೆಯುವ ಗ್ಲುಕೋಮೀಟರ್ ಶೇ. 7ರಷ್ಟು ಮೇಲಿದೆ. ಆ ಹೊತ್ತಿನಲ್ಲಿ ಯಾವ ಸಂಖ್ಯೆಯನ್ನು ನಂಬಿದರೂ ಚಿಕಿತ್ಸೆ ಬದಲಾಗುವುದಿಲ್ಲ. ಆದರೆ ಇಷ್ಟು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಸರಾಸರಿ ತಪ್ಪು ಎಷ್ಟು ಎಂಬುದನ್ನು ಕಂಪನಿಗಳು ಜಾಹೀರಾತಿನಲ್ಲೇ ಹೇಳುತ್ತವೆ. ಆ ತಪ್ಪು ಯಾವ ಹೊತ್ತಿನಲ್ಲಿ, ಯಾರ ಮೈಮೇಲೆ, ಯಾವ ದಿಕ್ಕಿಗೆ ಆಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಬೇಕಾಗಿರುವುದು ಅದು. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತದೆ ನೋಡೋಣ. ತೋಳಿಗೆ ಅಂಟಿಸಿದ ಬಿಲ್ಲೆಯ ಕೆಳಗೆ ಸುಮಾರು 5 ಮಿಲಿಮೀಟರ್ ಉದ್ದದ, ಕೂದಲೆಳೆಯಂಥ ತಂತು ಚರ್ಮದೊಳಗೆ ಇಳಿದಿರುತ್ತದೆ. ಅದರ ತುದಿಯಲ್ಲಿ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಲೇಪಿಸಿರುತ್ತಾರೆ. ಗ್ಲುಕೋಸ್ ಆ ಕಿಣ್ವಕ್ಕೆ ತಾಗಿದಾಗ ಅತಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಅದನ್ನು ನ್ಯಾನೋ ಆಂಪಿಯರಿನಲ್ಲಿ ಅಳೆಯಬೇಕು. ಒಳಗಿನ ಗಣಕ ಆ ಪ್ರವಾಹವನ್ನು ಲೆಕ್ಕ ಹಾಕಿ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಮೊಬೈಲಿಗೆ ಕಳಿಸುತ್ತದೆ. ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸುವ ಈ ಉಪಾಯವನ್ನು ಅಮೆರಿಕದ ಸಿನ್ಸಿನಾಟಿಯ ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲೇ ಪ್ರಕಟಿಸಿದ್ದರು. ಚರ್ಮದೊಳಗಿಟ್ಟು ನಿರಂತರ ಅಳೆಯುವ ಮೊದಲ ಸಾಧನಕ್ಕೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 1999ರಲ್ಲಿ. ಅದನ್ನು ಹಾಕಿಕೊಂಡ ರೋಗಿಗೆ ಸಂಖ್ಯೆ ಕಾಣುತ್ತಿರಲಿಲ್ಲ, ಆಮೇಲೆ ವೈದ್ಯರು ಇಳಿಸಿ ನೋಡುತ್ತಿದ್ದರು. 2001ರಲ್ಲಿ ಒಪ್ಪಿಗೆ ಪಡೆದ ಗ್ಲುಕೋವಾಚ್ ಎಂಬ ಕೈಗಡಿಯಾರ ಚರ್ಮವನ್ನು ಕೆರಳಿಸಿ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಹೋಯಿತು. 2014ರಲ್ಲಿ ಯುರೋಪಿನಲ್ಲಿ ಬಂದ ಅಬಾಟ್ ಕಂಪನಿಯ ಫ್ರೀಸ್ಟೈಲ್ ಲಿಬ್ರೆ ದೊಡ್ಡ ತಿರುವು. ಅದಕ್ಕೆ ದಿನವೂ ಬೆರಳು ಚುಚ್ಚಿ ಹೊಂದಿಸುವ ಗೋಜಿರಲಿಲ್ಲ, ಕಾರ್ಖಾನೆಯಲ್ಲೇ ಹೊಂದಿಸಿ ಕಳಿಸುತ್ತಿದ್ದರು. ಅದರ ವೈದ್ಯರ ಬಳಕೆಯ ರೂಪ, ಲಿಬ್ರೆ ಪ್ರೊ, 2015ರಲ್ಲಿ ಭಾರತಕ್ಕೂ ಬಂತು.

ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಈ ತಂತು ರಕ್ತನಾಳದಲ್ಲಿ ಇರುವುದಿಲ್ಲ. ಜೀವಕೋಶಗಳ ನಡುವಿನ ದ್ರವದಲ್ಲಿ ಇರುತ್ತದೆ. ರಕ್ತದ ಸಕ್ಕರೆ ಅಲ್ಲಿಗೆ ಬಂದು ಸೇರಲು ಹೊತ್ತು ಹಿಡಿಯುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ದಿನವೇ ಕೊನೆಯ ಗದ್ದೆಗೆ ನೀರು ಬರುವುದಿಲ್ಲ, ತೂಬು ಮುಚ್ಚಿದ ಮೇಲೂ ಅಲ್ಲಿ ಸ್ವಲ್ಪ ಹೊತ್ತು ಹರಿಯುತ್ತಲೇ ಇರುತ್ತದೆ ಎಂಬುದು ಮಂಡ್ಯದ ರೈತರಿಗೆ ಹೇಳಿಕೊಡಬೇಕಿಲ್ಲ. ಇಲ್ಲಿ ಆ ಅಂತರ ಐದರಿಂದ ಹತ್ತು ನಿಮಿಷ. ಸಕ್ಕರೆ ಒಂದೇ ಮಟ್ಟದಲ್ಲಿ ನಿಂತಿದ್ದಾಗ ಹತ್ತು ನಿಮಿಷದ ತಡ ತಡವೇ ಅಲ್ಲ. ಆದರೆ ಇನ್ಸುಲಿನ್ ಹಾಕಿಕೊಂಡು ಬೇಗ ಬೇಗ ನಡೆಯುತ್ತಿರುವವರ ಸಕ್ಕರೆ ನಿಮಿಷಕ್ಕೆ 2 ಮಿಲಿಗ್ರಾಂನಂತೆ ಇಳಿಯುತ್ತಿದೆ ಎಂದುಕೊಳ್ಳಿ. ಹತ್ತು ನಿಮಿಷಕ್ಕೆ 20. ಸೆನ್ಸರ್ 85 ಎಂದು ಸಮಾಧಾನ ಹೇಳುತ್ತಿರುವಾಗ ರಕ್ತದಲ್ಲಿ 65 ಇರುತ್ತದೆ, ಕೈ ನಡುಗಲು ಶುರುವಾಗಿರುತ್ತದೆ. ಆದ್ದರಿಂದ ಸಂಖ್ಯೆಯ ಪಕ್ಕದ ಬಾಣವನ್ನು ನೋಡದೆ ಸಂಖ್ಯೆಯನ್ನು ಓದಬೇಡಿ. ನೇರ ಕೆಳಗೆ ತೋರಿಸುವ ಬಾಣದ ಜೊತೆ 85 ಇದ್ದರೆ ಅದು ಬೇರೆಯೇ 85.

ಇದರ ಹಿಮ್ಮುಖವೂ ಅಷ್ಟೇ ಮುಖ್ಯ. ಲೋ ಶುಗರ್ ಆಗಿ ಸಕ್ಕರೆ ನೀರು ಕುಡಿದ ಮೇಲೆ ರಕ್ತ ಚೇತರಿಸಿಕೊಂಡರೂ ಸೆನ್ಸರ್ ಇನ್ನೂ ಕೆಳಗೇ ಇರುತ್ತದೆ. ಅದನ್ನು ನೋಡಿ ಹೆದರಿ ಮತ್ತೊಂದು ಲೋಟ, ಮತ್ತೊಂದು ಬಾಳೆಹಣ್ಣು. ಒಂದು ಗಂಟೆ ಕಳೆದರೆ 280. 15 ಗ್ರಾಂ ಸಕ್ಕರೆ ತೆಗೆದುಕೊಂಡು 15 ನಿಮಿಷ ಕಾಯಬೇಕು ಎಂಬ ಹಳೆಯ ನಿಯಮ ಸೆನ್ಸರ್ ಬಂದ ಮೇಲೂ ಬದಲಾಗಿಲ್ಲ. ಕಾದ ಮೇಲೆ ನೋಡಬೇಕಾದದ್ದು ಬೆರಳಿನ ರಕ್ತ.

ಇನ್ನು ಆ ಪ್ರಸಿದ್ಧ ಸಂಖ್ಯೆಗೆ ಬರುತ್ತೇನೆ. ಸೆನ್ಸರಿನ ನಿಖರತೆಯನ್ನು ಮಾರ್ಡ್ ಎಂಬ ಒಂದು ಅಂಕಿಯಲ್ಲಿ ಹೇಳುತ್ತಾರೆ. ಸೆನ್ಸರ್ ಕೊಟ್ಟ ಪ್ರತಿ ಅಳತೆಯೂ ಆಧಾರ ಅಳತೆಯಿಂದ ಶೇಕಡಾ ಎಷ್ಟು ದೂರವಿದೆ ಎಂದು ನೋಡಿ, ಮೇಲೋ ಕೆಳಗೋ ಎಂಬುದನ್ನು ಬಿಟ್ಟು, ಎಲ್ಲವನ್ನೂ ಕೂಡಿ ಸರಾಸರಿ ತೆಗೆಯುತ್ತಾರೆ. ಆರಂಭದ ಸಾಧನಗಳಲ್ಲಿ ಇದು ಶೇ. 20ರ ಆಸುಪಾಸು. ಮೊದಲ ಲಿಬ್ರೆಗೆ 2015ರ ಅಧ್ಯಯನದಲ್ಲಿ 11.4. ಡೆಕ್ಸ್‌ಕಾಮ್ ಕಂಪನಿಯ ಜಿ6ಕ್ಕೆ 9ರ ಆಸುಪಾಸು, ಜಿ7ಕ್ಕೆ ವಯಸ್ಕರ ತೋಳಿನಲ್ಲಿ 8.2, ಲಿಬ್ರೆ 3ಕ್ಕೆ 7.9 ಎಂದು ವರದಿಯಾಗಿದೆ. ಇಪ್ಪತ್ತು ವರ್ಷಗಳಲ್ಲಿ ತಪ್ಪು ಅರ್ಧಕ್ಕಿಂತ ಕೆಳಗೆ ಬಂದಿರುವುದು ಸಣ್ಣ ಸಾಧನೆಯಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಬೋರಿಸ್ ಕೊವಾಚೆವ್ ತಂಡ 2015ರಲ್ಲಿ ಗಣಕದ ಮಾದರಿಯಲ್ಲಿ ಲೆಕ್ಕ ಹಾಕಿ, ಮಾರ್ಡ್ ಶೇ. 10ಕ್ಕೆ ಇಳಿದರೆ ಸೆನ್ಸರ್ ನೋಡಿಯೇ ಇನ್ಸುಲಿನ್ ಪ್ರಮಾಣ ನಿರ್ಧರಿಸಬಹುದು, ಅದಕ್ಕಿಂತ ಇನ್ನಷ್ಟು ಇಳಿಸಿದರೆ ಸಿಗುವ ಹೆಚ್ಚಿನ ಲಾಭ ಕಡಿಮೆ ಎಂದಿತು. ಹತ್ತರ ಆ ಗೆರೆ ಆಮೇಲೆ ಎಲ್ಲರ ಬಾಯಲ್ಲೂ ನಿಂತಿತು.

ಆದರೆ ಸರಾಸರಿ ಶೇ. 9 ಎಂದರೆ ಪ್ರತಿ ಅಳತೆಯೂ ಶೇ. 9ರೊಳಗೆ ಇರುತ್ತದೆ ಎಂದಲ್ಲ. ತಪ್ಪುಗಳು ಸಾಮಾನ್ಯ ರೀತಿಯಲ್ಲಿ ಹರಡಿವೆ ಎಂದುಕೊಂಡರೆ, ಮಾರ್ಡ್ 9 ಇರುವ ಸೆನ್ಸರಿನ ನೂರರಲ್ಲಿ 95 ಅಳತೆಗಳು ನಿಜದ ಮಟ್ಟದ ಮೇಲೆ ಕೆಳಗೆ ಹೆಚ್ಚುಕಡಿಮೆ ಶೇ. 22ರೊಳಗೆ ಬೀಳುತ್ತವೆ. ನಿಜವಾದ ಸಕ್ಕರೆ 200 ಇದ್ದಾಗ 156 ತೋರಿಸಬಹುದು, 244 ತೋರಿಸಬಹುದು. ಉಳಿದ ಐದು ಅಳತೆಗಳು ಅದಕ್ಕೂ ಆಚೆ. ಐದು ನಿಮಿಷಕ್ಕೊಮ್ಮೆ ಅಳೆಯುವ ಸೆನ್ಸರಿಗೆ ದಿನಕ್ಕೆ 288 ಅಳತೆ. ಅದರಲ್ಲಿ ನೂರಕ್ಕೆ ಐದು ಎಂದರೆ ಹದಿನಾಲ್ಕು.

ಎರಡು ಅಳತೆಗಳನ್ನು ಪಕ್ಕಪಕ್ಕದಲ್ಲಿ ಇಡುತ್ತೇನೆ. ನಿಜದಲ್ಲಿ 240, ಸೆನ್ಸರ್ 300 ಎಂದಿತು. ತಪ್ಪು ಶೇ. 25. ನಿಜದಲ್ಲಿ 60, ಸೆನ್ಸರ್ 75 ಎಂದಿತು. ತಪ್ಪು ಅದೇ ಶೇ. 25. ಮಾರ್ಡಿನ ಲೆಕ್ಕದಲ್ಲಿ ಎರಡಕ್ಕೂ ಒಂದೇ ಅಂಕ. ಮೊದಲನೆಯದರಲ್ಲಿ ಒಂದೆರಡು ಯೂನಿಟ್ ಹೆಚ್ಚು ಇನ್ಸುಲಿನ್ ಹೋಗಿ ಆಮೇಲೆ ಕುಸಿಯುವ ಅಪಾಯ. ಎರಡನೆಯದರಲ್ಲಿ 70ಕ್ಕೆ ಕೂಗಬೇಕಾದ ಅಲಾರಂ ಕೂಗಲೇ ಇಲ್ಲ, ಮಲಗಿದ ಮಗು ಮಲಗಿಯೇ ಇದೆ. ಇವೆರಡನ್ನು ಒಂದೇ ಸರಾಸರಿಯಲ್ಲಿ ಕಲಸಿ ಜಾಹೀರಾತಿಗೆ ಇಡುವುದು ನನಗೆ ಒಪ್ಪಿಗೆಯಿಲ್ಲ. 1987ರಲ್ಲೇ ವರ್ಜೀನಿಯಾದ ವಿಲಿಯಂ ಕ್ಲಾರ್ಕ್ ಮತ್ತು ಸಂಗಡಿಗರು ಇದಕ್ಕೆ ಒಂದು ದಾರಿ ತೋರಿಸಿದ್ದರು. ತಪ್ಪು ಎಷ್ಟು ಎಂಬುದರ ಬದಲು, ಆ ತಪ್ಪಿನಿಂದ ರೋಗಿ ಯಾವ ಅಪಾಯದ ಚಿಕಿತ್ಸೆಗೆ ಕೈಹಾಕುತ್ತಾನೆ ಎಂದು ನಕ್ಷೆಯನ್ನು ವಲಯಗಳಾಗಿ ಸೀಳಿದರು. ಪ್ರಯೋಗಾಲಯದವರಿಗೆ ಅದು ಒಳ್ಳೆಯ ಪಾಠ.

ಮಾರ್ಡಿನ ಇನ್ನೊಂದು ತೊಡಕು, ಅದು ಹೇಗೆ ಪರೀಕ್ಷೆ ಮಾಡಿದರು ಎಂಬುದರ ಮೇಲೆ ಕುಣಿಯುತ್ತದೆ. ಆಧಾರವಾಗಿ ತೆಗೆದುಕೊಂಡದ್ದು ರಕ್ತನಾಳದ ರಕ್ತವೋ ಬೆರಳಿನ ರಕ್ತವೋ? ಊಟವಾದ ಮೇಲೆ ಎರಡರಲ್ಲೂ ಸಕ್ಕರೆ ಒಂದೇ ಇರುವುದಿಲ್ಲ, ಬೆರಳಿನಲ್ಲಿ ಹೆಚ್ಚಿರುತ್ತದೆ. ಪರೀಕ್ಷೆಗೆ ಬಂದವರ ಸಕ್ಕರೆಯನ್ನು ಬೇಕೆಂದೇ ಏರಿಸಿ ಇಳಿಸಿ ನೋಡಿದರೋ, ಆರಾಮಾಗಿ ಕೂರಿಸಿ ಅಳೆದರೋ? ಆರಾಮಾಗಿ ಕೂತವರಲ್ಲಿ ಯಾವ ಸೆನ್ಸರೂ ಚೆನ್ನಾಗಿ ಕಾಣುತ್ತದೆ. ಜರ್ಮನಿಯ ಉಲ್ಮ್ ನಗರದ ಗೈಡೊ ಫ್ರೆಕ್‌ಮನ್ ಮತ್ತು ಅವರ ತಂಡ ವರ್ಷಗಳಿಂದ ಹಿಡಿದು ಹೇಳುತ್ತಿರುವುದು ಇದನ್ನೇ. ಬೇರೆ ಬೇರೆ ಕಂಪನಿಗಳು ತಮ್ಮ ತಮ್ಮ ಪರೀಕ್ಷೆಯಲ್ಲಿ ಪಡೆದ ಅಂಕಿಗಳನ್ನು ಎದುರುಬದುರು ಇಟ್ಟು ಇದು ಮೇಲು, ಅದು ಕೀಳು ಎನ್ನುವುದು ನ್ಯಾಯವಲ್ಲ. ಗ್ಲುಕೋಮೀಟರಿಗಾದರೆ ಅಂತರರಾಷ್ಟ್ರೀಯ ಮಾನದಂಡವೊಂದು ಗಟ್ಟಿಯಾಗಿದೆ. 2013ರ ಐಎಸ್‌ಒ 15197ರ ಪ್ರಕಾರ, 100ಕ್ಕಿಂತ ಕೆಳಗೆ 15 ಮಿಲಿಗ್ರಾಂ, 100 ಮತ್ತು ಮೇಲೆ ಶೇ. 15, ಈ ಮಿತಿಯೊಳಗೆ ನೂರರಲ್ಲಿ 95 ಅಳತೆ ಬರಲೇಬೇಕು. ಸೆನ್ಸರಿಗೆ ಅಂಥ ಎಲ್ಲರೂ ಒಪ್ಪಿದ ಜಾಗತಿಕ ಮಾನದಂಡ ಇಲ್ಲದೆ ಬಹಳ ಕಾಲ ಸಾಗಿತು. ಎಫ್‌ಡಿಎ 2018ರಲ್ಲಿ ಜಿ6ಕ್ಕೆ ಒಪ್ಪಿಗೆ ಕೊಡುವಾಗ ಹೊಸ ವರ್ಗವನ್ನೇ ಮಾಡಿ, ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಹಂತಕ್ಕೂ ಬೇರೆ ಬೇರೆ ಮಿತಿ ಹಾಕಿತು. ಅದರಲ್ಲಿ ನನಗೆ ಅತಿ ಮೆಚ್ಚುಗೆಯಾದ ಷರತ್ತು ಇದು: ನಿಜದ ಸಕ್ಕರೆ 180ಕ್ಕಿಂತ ಮೇಲಿರುವಾಗ ಸೆನ್ಸರ್ 70ಕ್ಕಿಂತ ಕೆಳಗೆ ತೋರಿಸುವಂತೆಯೇ ಇಲ್ಲ, 70ಕ್ಕಿಂತ ಕೆಳಗಿರುವಾಗ 180ರ ಮೇಲೆ ತೋರಿಸುವಂತೆಯೂ ಇಲ್ಲ. ಸರಾಸರಿಯ ಮರೆಯಲ್ಲಿ ಅಡಗುವ ಘೋರ ತಪ್ಪನ್ನು ಹೆಸರಿಟ್ಟು ಹಿಡಿದ ಷರತ್ತು ಅದು.

ಹಾಗಾದರೆ ಸೆನ್ಸರ್ ಎಡವುವುದು ಎಲ್ಲಿ? ಹಾಕಿದ ಮೊದಲ ದಿನ ಅಳತೆ ಹೆಚ್ಚು ಅಲುಗಾಡುತ್ತದೆ. ತಂತು ಚುಚ್ಚಿದ ಗಾಯಕ್ಕೆ ದೇಹ ಪ್ರತಿಕ್ರಿಯಿಸುತ್ತಿರುತ್ತದೆ. ರಾತ್ರಿ ಸೆನ್ಸರ್ ಇರುವ ತೋಳಿನ ಮೇಲೆಯೇ ಮಲಗಿದರೆ ಅಲ್ಲಿನ ದ್ರವದ ಸಂಚಾರ ಕಟ್ಟಿ ಸುಳ್ಳು ಲೋ ಬರುತ್ತದೆ. ಟೈಪ್ 1 ಮಧುಮೇಹದ ಮಕ್ಕಳ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ರಾತ್ರಿ ಎರಡು ಗಂಟೆಗೆ ಮೊಬೈಲ್ 52 ಎಂದು ಅರಚುತ್ತದೆ. ತಾಯಿ ಎದ್ದು ನೋಡಿದರೆ ಹುಡುಗಿ ಎಡ ಮಗ್ಗುಲಿಗೆ, ಸೆನ್ಸರ್ ಕೆಳಗೆ ಸಿಕ್ಕಿಸಿಕೊಂಡು ಮಲಗಿದ್ದಾಳೆ. ಅನುಭವಿ ತಾಯಿ ಮೊದಲು ಮಗ್ಗುಲು ಬದಲಿಸುತ್ತಾಳೆ, ಹುಡುಗಿಯ ನಿದ್ದೆ ಕೆಡಿಸದೆ ಬೆರಳು ಚುಚ್ಚುತ್ತಾಳೆ. ಗ್ಲುಕೋಮೀಟರ್ 118 ಎನ್ನುತ್ತದೆ. ಬಾಯಿಗೆ ಗ್ಲುಕೋಸ್ ಹಾಕದೆ ದೀಪ ಆರಿಸುತ್ತಾಳೆ. ಈ ತಾಯಂದಿರಿಗಿರುವ ಜ್ಞಾನ ಎಷ್ಟೋ ಆಸ್ಪತ್ರೆಗಳ ಸಿಬ್ಬಂದಿಗೆ ಇಲ್ಲ ಎಂಬುದನ್ನು ನಾನು ಗೌರವದಿಂದಲೇ ಹೇಳುತ್ತೇನೆ.

ಬೆರಳಿನ ಅಳತೆಗೂ ಒಂದು ಎಚ್ಚರಿಕೆ. ಮಾವಿನ ಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಚುಚ್ಚಿದರೆ ಗ್ಲುಕೋಮೀಟರ್ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಓದುತ್ತದೆ.

ಇನ್ನು ಸೆನ್ಸರನ್ನು ಎಡವಿಸುವ ಔಷಧಗಳು. ಡೆಕ್ಸ್‌ಕಾಮಿನ ಹಳೆಯ ಮಾದರಿಗಳು ಕಿಣ್ವದ ಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಅಳೆಯುತ್ತಿದ್ದವು. ಅದಕ್ಕೆ ಬೇಕಾದ ವೋಲ್ಟೇಜಿನಲ್ಲಿ ಪ್ಯಾರಾಸಿಟಮಾಲ್ ಕೂಡ ಉತ್ಕರ್ಷಿಸಿ ಪ್ರವಾಹಕ್ಕೆ ಪ್ರವಾಹ ಸೇರಿಸುತ್ತಿತ್ತು. ಜ್ವರಕ್ಕೆ ನುಂಗಿದ ಮಾತ್ರೆ ಪರದೆಯ ಮೇಲೆ ಸಕ್ಕರೆಯಾಗಿ ಕಾಣುತ್ತಿತ್ತು. ಜಿ6ರಲ್ಲಿ ಇದನ್ನು ಬಹುಮಟ್ಟಿಗೆ ತಡೆದರು, ಆರು ಗಂಟೆಗೊಮ್ಮೆ 1 ಗ್ರಾಂವರೆಗೆ ಚಿಂತೆಯಿಲ್ಲ. ಲಿಬ್ರೆಯ ದಾರಿ ಬೇರೆ. ಟೆಕ್ಸಾಸಿನ ರಸಾಯನ ವಿಜ್ಞಾನಿ ಆಡಂ ಹೆಲ್ಲರ್ ಕಂಡುಹಿಡಿದ ಉಪಾಯದಲ್ಲಿ ಆಸ್ಮಿಯಂ ಲೋಹದ ಸಂಯುಕ್ತ ಕಿಣ್ವದಿಂದ ಇಲೆಕ್ಟ್ರಾನನ್ನು ನೇರವಾಗಿ ವಿದ್ಯುದ್ವಾರಕ್ಕೆ ದಾಟಿಸುತ್ತದೆ, ಕಡಿಮೆ ವೋಲ್ಟೇಜ್ ಸಾಕು. ಅಲ್ಲಿ ಪ್ಯಾರಾಸಿಟಮಾಲಿನ ಕಾಟವಿಲ್ಲ, ಆದರೆ ದಿನಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ತಿಂದರೆ ಲಿಬ್ರೆ 2ರ ಅಳತೆ ಮೇಲಕ್ಕೇರುತ್ತದೆ ಎಂದು ಕಂಪನಿಯೇ ಬರೆದಿದೆ. ನೆಗಡಿ ಬಂತೆಂದು ನಮ್ಮಲ್ಲಿ ಚೀಪುವ ಕಿತ್ತಳೆ ಬಣ್ಣದ ಮಾತ್ರೆ ಒಂದರಲ್ಲೇ ಸಾಮಾನ್ಯವಾಗಿ 500 ಇರುತ್ತದೆ.

ಮೂರನೆಯ ಔಷಧ ಹೈಡ್ರಾಕ್ಸಿಯೂರಿಯಾ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಅದನ್ನು ತೊಲಗಿಸಲು ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಅಭಿಯಾನವನ್ನೇ ಶುರುಮಾಡಿತು, ಹೈಡ್ರಾಕ್ಸಿಯೂರಿಯಾ ಅದರ ಮುಖ್ಯ ಔಷಧ. ಅಂಥವರಲ್ಲೊಬ್ಬರಿಗೆ ಮಧುಮೇಹವೂ ಬಂದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಕೈಕೊಡುತ್ತದೆ, ಕೆಂಪು ರಕ್ತಕಣದ ಆಯಸ್ಸೇ ಅವರಲ್ಲಿ ಕಡಿಮೆ. ಇಂಥವರಿಗೇ ಸೆನ್ಸರ್ ಅತ್ಯಂತ ಉಪಯೋಗಕ್ಕೆ ಬರಬೇಕಾದದ್ದು. ಆದರೆ ಡೆಕ್ಸ್‌ಕಾಮ್, ಮೆಡ್ಟ್ರಾನಿಕ್ ಕಂಪನಿಗಳ ಸೆನ್ಸರುಗಳು ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಇಲ್ಲದ ಸಕ್ಕರೆಗೆ ಇನ್ಸುಲಿನ್ ಹೋಗುತ್ತದೆ. ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಈ ಒಂದು ಮಾತನ್ನು ತಲುಪಿಸಿದರೂ ಈ ಉಪನ್ಯಾಸ ಸಾರ್ಥಕ.

ಇಷ್ಟೆಲ್ಲ ಕೇಳಿ ಯಾರೂ ಇವತ್ತು ಮನೆಗೆ ಹೋಗಿ ಸೆನ್ಸರ್ ಕಿತ್ತು ಹಾಕಬಾರದು. 2016ರಲ್ಲಿ ಪ್ರಕಟವಾದ ಇಂಪ್ಯಾಕ್ಟ್ ಅಧ್ಯಯನದಲ್ಲಿ ಟೈಪ್ 1 ರೋಗಿಗಳು ಲಿಬ್ರೆ ಬಳಸಿದಾಗ ಲೋ ಶುಗರಿನಲ್ಲಿ ಕಳೆಯುವ ಸಮಯ ಶೇ. 38ರಷ್ಟು ಕಡಿಮೆಯಾಯಿತು. ಅದು ಮಾರ್ಡ್ 11ರ ಆಸುಪಾಸಿನ ಮೊದಲ ಲಿಬ್ರೆ. ದಿನಕ್ಕೆ ಕೆಲವು ಸಲ ಚುಚ್ಚಿದ ಅತಿ ನಿಖರ ಅಳತೆಗಿಂತ, ಸ್ವಲ್ಪ ತಪ್ಪಿದರೂ ರಾತ್ರಿಯಿಡೀ ಕಾಯುವ ಅಳತೆ ಮೇಲು ಎಂದು ಅದು ತೋರಿಸಿತು. 70ರಿಂದ 180ರ ನಡುವೆ ದಿನದ ಎಷ್ಟು ಪಾಲು ಕಳೆದಿರಿ ಎಂದು ನೋಡುವ ಲೆಕ್ಕದಲ್ಲಿ, ಮೇಲೆ ತಪ್ಪಿದ್ದೂ ಕೆಳಗೆ ತಪ್ಪಿದ್ದೂ ಒಂದಿಷ್ಟು ಹೊಡೆದುಹೋಗುತ್ತವೆ. ಅಲ್ಲಿ ಸೆನ್ಸರನ್ನು ಹೆಚ್ಚು ನಂಬಬಹುದು.

ಎಲ್ಲ ತಪ್ಪುಗಳೂ ಹಾಗೆ ಹೊಡೆದುಹೋಗುವುದಿಲ್ಲ. ಒಂದು ಸೆನ್ಸರ್ ಕಾರ್ಖಾನೆಯಿಂದಲೇ ಓರೆಯಾಗಿ ಬಂದರೆ ತನ್ನ ಅವಧಿಯುದ್ದಕ್ಕೂ ಒಂದೇ ಕಡೆ ತಪ್ಪುತ್ತದೆ. 2025ರ ನವೆಂಬರಿನಲ್ಲಿ ಅಬಾಟ್ ಕಂಪನಿ ಲಿಬ್ರೆ 3 ಮತ್ತು ಲಿಬ್ರೆ 3 ಪ್ಲಸ್‌ನ ಕೆಲವು ಸೆನ್ಸರುಗಳು ದೀರ್ಘಕಾಲ ತಪ್ಪಾಗಿ ಕಡಿಮೆ ತೋರಿಸಬಹುದೆಂದು ಎಚ್ಚರಿಸಿತು. ಒಂದು ಉತ್ಪಾದನಾ ಸಾಲಿನ ದೋಷ, ಅಮೆರಿಕದಲ್ಲೇ ಸುಮಾರು 30 ಲಕ್ಷ ಸೆನ್ಸರು. ಈ ದೋಷಕ್ಕೆ ಸಂಬಂಧಿಸಿರಬಹುದಾದ 736 ಗಂಭೀರ ಪ್ರಕರಣಗಳೂ 7 ಸಾವುಗಳೂ ಜಗತ್ತಿನಾದ್ಯಂತ ವರದಿಯಾಗಿದ್ದವು. ಕಡಿಮೆ ಎಂದು ನಂಬಿದವರು ಇನ್ಸುಲಿನ್ ಬಿಡುತ್ತಾರೆ, ಮತ್ತೆ ಮತ್ತೆ ಸಿಹಿ ತಿನ್ನುತ್ತಾರೆ. ಸಂಖ್ಯೆ ಒಂದು ಹೇಳಿ ಮೈ ಇನ್ನೊಂದು ಹೇಳಿದರೆ ಬೆರಳು ಚುಚ್ಚಿ ನೋಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಸೆನ್ಸರ್ ಇದ್ದ ಮನೆಯಲ್ಲಿ ಗ್ಲುಕೋಮೀಟರ್ ಮತ್ತು ಅವಧಿ ಮುಗಿಯದ ಅದರ ಪರೀಕ್ಷಾ ಪಟ್ಟಿಗಳು ಇರಲೇಬೇಕು.

ಚರ್ಮ ಚುಚ್ಚದೆಯೇ ಸಕ್ಕರೆ ಹೇಳುತ್ತೇವೆನ್ನುವ ಸ್ಮಾರ್ಟ್ ಉಂಗುರ, ಸ್ಮಾರ್ಟ್ ಕೈಗಡಿಯಾರಗಳ ಬಗ್ಗೆ ಒಂದೇ ಮಾತು: ಕೊಳ್ಳಬೇಡಿ. ಅಂಥ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಎಂದು ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಜನರಿಗೆ ನೇರವಾಗಿ ಹೇಳಿತು.

ಮಧುಮೇಹವಿಲ್ಲದವರೂ ಈಗ ಬೆಂಗಳೂರಿನಲ್ಲಿ ಸೆನ್ಸರ್ ಹಾಕಿಕೊಂಡು, ಇಡ್ಲಿಗೆ ಎಷ್ಟು ಏರಿತು, ಮುದ್ದೆಗೆ ಎಷ್ಟು ಏರಿತು ಎಂದು ಪಟ್ಟಿ ಮಾಡುತ್ತಿದ್ದಾರೆ. 2020ರಲ್ಲಿ ಅಮೆರಿಕದ ಕೆವಿನ್ ಹಾಲ್ ತಂಡ ಒಬ್ಬೊಬ್ಬರ ಮೈಗೂ ಒಟ್ಟಿಗೇ ಎರಡು ಕಂಪನಿಯ ಸೆನ್ಸರ್ ಹಾಕಿ ನೋಡಿತು. ಯಾವ ಊಟ ಸಕ್ಕರೆ ಹೆಚ್ಚು ಏರಿಸಿತು ಎಂಬ ಕ್ರಮದಲ್ಲಿ ಎರಡಕ್ಕೂ ಒಮ್ಮತವಿರಲಿಲ್ಲ. ಒಂದು ಸೆನ್ಸರಿನ ಮಾತು ಕೇಳಿ ತಲೆಮಾರುಗಳಿಂದ ತಿಂದ ಊಟವನ್ನು ಬಿಡುವ ಮೊದಲು ಇದನ್ನು ಯೋಚಿಸಬೇಕು.

ನಮ್ಮ ನಾಡಿಗೇ ಸೇರಿದ ಪ್ರಶ್ನೆಯೊಂದಿದೆ. ಮೊದಲ ಲಿಬ್ರೆಯ ಸೆನ್ಸರನ್ನು 4ರಿಂದ 25 ಡಿಗ್ರಿಯೊಳಗೆ ಇಟ್ಟಿರಬೇಕೆಂದು ಪೆಟ್ಟಿಗೆಯಲ್ಲೇ ಇದೆ. ರಾಯಚೂರಿನ, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಹೊರಗೆ 40 ದಾಟಿರುತ್ತದೆ. ಕೊರಿಯರ್ ವಾಹನದಲ್ಲಿ, ಫ್ಯಾನಿನ ಕೆಳಗಿನ ಔಷಧದ ಅಂಗಡಿಯ ಕಪಾಟಿನಲ್ಲಿ ವಾರ ಕಳೆದ ಕಿಣ್ವ ಆ ಪೆಟ್ಟಿಗೆಯ ಮೇಲಿನ ನಿಖರತೆಯನ್ನು ಉಳಿಸಿಕೊಂಡಿರುತ್ತದೆಯೇ? ಇನ್ಸುಲಿನ್ ಕೊಳ್ಳುವಾಗ ಫ್ರಿಜ್ಜಿನಲ್ಲಿತ್ತೇ ಎಂದು ಕೇಳುವ ಜನ ಸೆನ್ಸರಿಗೆ ಅದನ್ನು ಕೇಳುವುದಿಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಅಂದಾಜಿಸಿತು. ಇಷ್ಟು ಜನರ ದೇಶದಲ್ಲಿ, ನಮ್ಮ ಬಿಸಿಲಿನಲ್ಲಿ, ನಮ್ಮ ರಕ್ತಹೀನತೆಯ ನಡುವೆ, ನಮ್ಮ ಅನ್ನ-ಮುದ್ದೆಯ ಮೇಲೆ ಪರೀಕ್ಷಿಸಿದ ಅಂಕಿಗಳನ್ನು ಕಂಪನಿಗಳು ಪ್ರಕಟಿಸಬೇಕೆಂದು ಕೇಳುವುದು ದುಬಾರಿ ಬೇಡಿಕೆಯಲ್ಲ. ಸಕ್ಕರೆಯ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಹಂತಕ್ಕೂ ಬೇರೆ ಬೇರೆ ಅಂಕಿ ಇರಲಿ, ಒಂದೇ ಮಾರ್ಡ್ ಬೇಡ. ಎಚ್ಚರಿಕೆಯ ಚೀಟಿ ಕನ್ನಡದಲ್ಲಿರಲಿ. ಹದಿನಾಲ್ಕು ದಿನ ಬಾಳುವ ಒಂದು ಸೆನ್ಸರಿಗೆ ಸಾವಿರಾರು ರೂಪಾಯಿ ಕೊಡುವವರಿಗೆ ಇಷ್ಟು ತಿಳಿಯುವ ಹಕ್ಕಿದೆ.

ಆ ಅಂಕಿಗಳು ಬರುವವರೆಗೆ ನಾವು ಮಾಡಬಹುದಾದದ್ದೂ ಇದೆ. ವೈದ್ಯಕೀಯ ಸಾಧನಗಳ ದೋಷವನ್ನು ದಾಖಲಿಸಿಕೊಳ್ಳಲು 2015ರಿಂದ ನಮ್ಮ ದೇಶದಲ್ಲಿ ಮಟೀರಿಯೋವಿಜಿಲೆನ್ಸ್ ಎಂಬ ಕಾರ್ಯಕ್ರಮವಿದೆ. ಗಾಜಿಯಾಬಾದಿನ ಭಾರತೀಯ ಔಷಧ ಸಂಹಿತೆ ಆಯೋಗ ಅದನ್ನು ನಡೆಸುತ್ತದೆ. ಸೆನ್ಸರ್ ಸುಳ್ಳು ಹೇಳಿದ ರಾತ್ರಿಗಳ ಕಥೆಗಳು ಈಗ ತಾಯಂದಿರ ವಾಟ್ಸಾಪ್ ಗುಂಪುಗಳಲ್ಲೇ ಉಳಿಯುತ್ತಿವೆ, ಆಯೋಗಕ್ಕೆ ತಲುಪುತ್ತಿಲ್ಲ. ಸೆನ್ಸರ್ ಅಂಟಿಸಿದ ಕೂಡಲೇ ಪೆಟ್ಟಿಗೆಯನ್ನು ಎಸೆಯಬೇಡಿ, ಅದರ ಮೇಲಿನ ಲಾಟ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ. ಅಳತೆ ತಪ್ಪಿದಾಗ ಸೆನ್ಸರಿನ ಸಂಖ್ಯೆ, ಬಾಣದ ದಿಕ್ಕು, ಹತ್ತು ನಿಮಿಷದೊಳಗೆ ಕೈ ತೊಳೆದು ತೆಗೆದ ಬೆರಳಿನ ಸಂಖ್ಯೆ, ಆ ದಿನ ನುಂಗಿದ ಮಾತ್ರೆ, ಇಷ್ಟನ್ನು ಬರೆದು ನಿಮ್ಮ ವೈದ್ಯರಿಗೆ ಕೊಡಿ, ವರದಿ ಮಾಡಿ ಎಂದು ಕೇಳಿ. ವೈದ್ಯಕೀಯ ಕಾಲೇಜುಗಳಿಂದ ಇಲ್ಲಿಗೆ ಬಂದಿರುವ ಮಿತ್ರರು ತಮ್ಮ ಹೊರರೋಗಿ ವಿಭಾಗದಲ್ಲಿ ಆ ವರದಿಯ ನಮೂನೆಯನ್ನು ನಾಳೆಯಿಂದಲೇ ಇಟ್ಟುಕೊಳ್ಳಬಹುದು.